ತೋಟದ ಮಕ್ಕಳಿಗೆ ತೋಟದ ಟಿಕೆಟ್ಟು

ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು. ಎಲ್‌ಕೆಜಿಯಿಂದ ಮೂರನೇ ಕ್ಲಾಸಿನ ತನಕದ ಮಕ್ಕಳು. ಕಣ್ಣಲ್ಲಿ ನಿದ್ದೆ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ವಾಂತಿ ಕವರು. ಬಸ್ಸಿನ ಮೂತಿಗೆ ಕಟ್ಟಿದ ಬ್ಯಾನರಿನಲ್ಲಿ ದಪ್ಪಕ್ಷರ: ‘ಪ್ರಕೃತಿಯ ಮಡಿಲಲ್ಲಿ ಒಂದು ದಿನ’. ಬಸ್ಸು ಹೊರಟಿದ್ದು ಹಾಲ್ಕುರಿಕೆ ಸೀಮೆಯಿಂದ. ಹೋಗುತ್ತಿದ್ದದ್ದು ಬೆಂಗಳೂರಿಗೆ.

ಇನ್ನೊಂದು ಸಲ ಓದಿ. ಪ್ರಕೃತಿ ನೋಡಲು, ಹಾಲ್ಕುರಿಕೆಯಿಂದ ಬೆಂಗಳೂರಿಗೆ.

ನಾನೂ ಆ ಬಸ್ಸಿನಲ್ಲಿದ್ದೆ. ಮೊಮ್ಮಗಳಿಗೆ ಬಸ್ಸೆಂದರೆ ವಾಂತಿ. ಒರೆಸಲು ಒಬ್ಬರು ಬೇಕಿತ್ತು, ‘ಪೋಷಕ ಪ್ರತಿನಿಧಿ’ ಎಂದು ಹೆಸರಿಟ್ಟು ನನ್ನನ್ನು ಹತ್ತಿಸಿಕೊಂಡರು. ತಲೆಗೆ 950 ರೂಪಾಯಿ. ಪ್ರತಿನಿಧಿಗೂ ರಿಯಾಯಿತಿ ಇಲ್ಲ.

ತಿಪಟೂರು ದಾಟಿ ಎಷ್ಟೋ ಹೊತ್ತಿನ ತನಕ ರಸ್ತೆಯ ಎಡಕ್ಕೂ ಬಲಕ್ಕೂ ತೆಂಗಿನ ತೋಟವೇ. ಕಿಟಕಿಗೆ ಪರದೆ ಎಳೆದಿತ್ತು. ಒಳಗೆ ಬಣ್ಣದ ಲೈಟು, ಕಿವಿ ಹರಿಯುವ ಹಾಡು. ಪ್ರಕೃತಿಯ ಮಡಿಲಿಗೆ ಹೋಗುವವರು ಹೊರಗೆ ನೋಡಿ ಕಣ್ಣು ಕೆಡಿಸಿಕೊಳ್ಳಬಾರದಲ್ಲ.

ಬಸ್ಸು ನಿಂತದ್ದು ಲಾಲ್‌ಬಾಗಿನ ಮುಂದೆ. ಅದು ಸಣ್ಣ ಜಾಗವಲ್ಲ. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ. 240 ಎಕರೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಇದಿಷ್ಟನ್ನೂ ಮಿಸ್ಸು ಮೊಬೈಲು ನೋಡಿಕೊಂಡು ಓದಿದರು. ಮಕ್ಕಳು ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು ರೈಲಿನಂತೆ ನಿಂತು ಕೇಳಿದರು. ಕೇಳಿದರು ಅಂತ ನನ್ನ ನಂಬಿಕೆ. ಅಷ್ಟರಲ್ಲಿ ಬಲೂನಿನವನು ಬಂದಿದ್ದ.

ಆಮೇಲೆ ಪಾಠ ಶುರುವಾಯಿತು. ಮುಟ್ಟಬೇಡ. ಕೀಳಬೇಡ. ಹುಲ್ಲು ತುಳಿಯಬೇಡ. ಸಾಲು ಬಿಡಬೇಡ. ಮಣ್ಣು ಮುಟ್ಟಬೇಡ, ಯೂನಿಫಾರ್ಮು! ಒಂದು ಗಂಟೆಯಲ್ಲಿ ನಾನು ಎಣಿಸಿದ್ದು 41 ‘ಬೇಡ’. ‘ನೋಡು’ ಎಂದದ್ದು ಎರಡೇ ಸಲ. ಎರಡೂ ಸಲ ಕ್ಯಾಮೆರಾ ಕಡೆಗೆ.

ಇದರಲ್ಲಿ ಲಾಲ್‌ಬಾಗಿನ ತಪ್ಪಿಲ್ಲ. ದಿನಕ್ಕೆ ಸಾವಿರಾರು ಕೈ ಮುಟ್ಟಿದರೆ ಯಾವ ಗಿಡ ಉಳಿದೀತು? ಅಲ್ಲಿ ‘ಬೇಡ’ ಎನ್ನುವುದೇ ಸರಿ. ಮುಟ್ಟಬಾರದ ತೋಟಕ್ಕೆ ಮುಟ್ಟಿ ಕಲಿಯುವ ವಯಸ್ಸಿನವರನ್ನು 140 ಕಿಲೋಮೀಟರು ಸಾಗಿಸಿದವರು ಯಾರೋ, ತಪ್ಪು ಅವರದು.

ಬಂಡೆಯ ಹತ್ತಿರ ಒಂದು ತಮಾಷೆ ನಡೆಯಿತು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಿಸ್ಸು ಅದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಒಂದು ಪುಟಾಣಿ ಕೂಗಿತು: “ಮಿಸ್, ನಮ್ಮಜ್ಜಿ ಹುಣಸೆಹಣ್ಣು ಒಣಗಾಕೋ ಬಂಡೆನೂ ಹಿಂಗೇ ಐತೆ!”

“ಸೈಲೆನ್ಸ್” ಎಂದರು ಮಿಸ್ಸು.

ಆ ಇಡೀ ದಿನದಲ್ಲಿ ಯಾರಾದರೂ ಆಡಿದ ಒಂದೇ ಒಂದು ವಿಜ್ಞಾನದ ಮಾತು ಅದು. ಪೆನಿನ್ಸುಲರ್ ನೈಸ್ ಎನ್ನುವ ಈ ಶಿಲೆ ದಕ್ಷಿಣ ಕರ್ನಾಟಕದ ಬಹುಪಾಲು ನೆಲದ ತಳಪಾಯ. ನಮ್ಮ ತಿಪಟೂರು ಸೀಮೆಯ ಕಾಲಡಿಯೂ ಅದೇ. ಅಜ್ಜಿ ಹುಣಸೆಹಣ್ಣು ಹರವಿದ್ದು ಅದೇ ಕುಲದ ಬಂಡೆಯ ಮೇಲೆ. ಆದರೆ ಅಜ್ಜಿಯ ಬಂಡೆಗೆ ಬೋರ್ಡಿಲ್ಲ, ಟಿಕೆಟ್ಟಿಲ್ಲ. ಹಾಗಾಗಿ ಅದಕ್ಕೆ ವಯಸ್ಸೂ ಇಲ್ಲ.

ಅಂದ ಹಾಗೆ, ಬೋರ್ಡಿದ್ದ ಮಾತ್ರಕ್ಕೆ ಬಂಡೆ ಬಚಾವಾಗುತ್ತದೆ ಎಂದುಕೊಳ್ಳಬೇಡಿ. 2025ರಲ್ಲಿ ಬೆಂಗಳೂರಿನ ಸುರಂಗ ರಸ್ತೆಯ ನಕಾಶೆ ಲಾಲ್‌ಬಾಗಿನೊಳಕ್ಕೇ ಕಾಲು ಚಾಚಿತು. ಜನ ಬೀದಿಗಿಳಿದು ಕೂಗಬೇಕಾಯಿತು. ಮಕ್ಕಳಿಗೆ ‘ಹುಲ್ಲು ತುಳಿಯಬೇಡ’ ಎನ್ನುವ ಊರು ಅದು.

ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹೋಗಿದ್ದರೆ ಪಾಠ ಇನ್ನೂ ಪಕ್ಕಾ ಆಗುತ್ತಿತ್ತು. 2023ರ ಆಗಸ್ಟಿನಲ್ಲಿ ಗಾಜಿನ ಮನೆಯೊಳಗೆ ಹೂವಿನಲ್ಲೇ ವಿಧಾನಸೌಧ ಎದ್ದಿತ್ತು. ಲಕ್ಷಗಟ್ಟಲೆ ಹೂ ಕಿತ್ತು ಕಟ್ಟಿದ ವಿಧಾನಸೌಧದ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಹೂ ಕೀಳಬಾರದು’ ಎಂದು ಹೇಳಿಕೊಡುವ ಧೈರ್ಯ ನಮ್ಮಲ್ಲದೆ ಇನ್ಯಾರಿಗಿದೆ?

ಈ ಲಾಲ್‌ಬಾಗ್ ಒಂದು ಕಾಲಕ್ಕೆ ದುಡಿಯುವ ತೋಟವಾಗಿತ್ತು. ಹೊರದೇಶದ ಬೀಜ ತರಿಸಿ, ಈ ಮಣ್ಣಿಗೆ ಒಗ್ಗಿಸಿ, ರೈತರಿಗೆ ದಾಟಿಸುವ ಜಾಗ. ನಾವು ಹುಳಿಗೆ ಹಾಕುವ ಸೀಮೆಬದನೆ ಇಲ್ಲಿಂದಲೇ ಹಬ್ಬಿದ್ದು. ಮರಿಗೌಡರು ತೋಟಗಾರಿಕೆ ಇಲಾಖೆ ನಡೆಸುವಾಗ ನಾಡಿನ ಉದ್ದಗಲಕ್ಕೂ ಇಲಾಖೆಯ ತೋಟ, ಸಸ್ಯಕ್ಷೇತ್ರ ಮಾಡಿಸಿದರು. ಲಾಲ್‌ಬಾಗೇ ಊರೂರಿಗೆ ಬರಲಿ ಎಂದು. ನಾವು ಊರೂರಿನಿಂದ ಲಾಲ್‌ಬಾಗಿಗೆ ಬಸ್ಸು ಬಿಟ್ಟೆವು.

ಹೋಗಲಿ, ನಮ್ಮಲ್ಲಿ ತೋರಿಸಲು ಏನಿದೆ? ಪೋಷಕರ ಸಭೆಯಲ್ಲಿ ನಾನು ಬಾಯಿ ತೆರೆದಾಗ ಆಡಳಿತ ಮಂಡಳಿಯವರು ಕೇಳಿದ್ದೂ ಇದನ್ನೇ. “ಒಂದು ದಿನ ನಮ್ಮ ತೋಟಕ್ಕೇ ಕರ್ಕೊಂಬನ್ನಿ ಸ್ವಾಮಿ” ಎಂದಿದ್ದೆ. “ತೋಟದಲ್ಲಿ ನೋಡೋಕೆ ಏನಿದೆ ಸಾರ್?” ಎಂದರು. ಸಭೆ ನಕ್ಕಿತು. ನಕ್ಕವರಲ್ಲಿ ಮುಕ್ಕಾಲು ಪಾಲು ತೋಟದವರು.

ಏನಿದೆ ಹೇಳುತ್ತೇನೆ ಕೇಳಿ.

ತಿಂಗಳಿಗೆ ಒಂದರ ಲೆಕ್ಕದಲ್ಲಿ ಗರಿ ಬಿಡುವ ಮರ ಇದೆ. ಗರಿಯ ಬುಡಕ್ಕೊಂದು ಹೊಂಬಾಳೆ. ಉದುರಿದ ಗರಿ ಕಾಂಡದ ಮೇಲೆ ಗುರುತು ಬಿಟ್ಟು ಹೋಗುತ್ತದೆ. ಗುರುತು ಎಣಿಸಿ ಹನ್ನೆರಡರಿಂದ ಭಾಗಿಸಿದರೆ ಮರದ ವಯಸ್ಸು ಅಂದಾಜಿಗೆ ಸಿಗುತ್ತದೆ. ಮಗ್ಗಿ ಬಾಯಿಪಾಠ ಮಾಡಿಸಲು ಬೆತ್ತ ಬೇಕಿಲ್ಲ, ಮರ ಸಾಕು.

ಬಾವಿಯ ಮೇಲೆ ಬಾಗಿದ ಗರಿಗೆ ಗೀಜಗನ ಗೂಡಿದೆ. ಅದೇ ಗರಿಯನ್ನು ಎಳೆ ಎಳೆಯಾಗಿ ಸೀಳಿ ಗಂಡು ಗೂಡು ನೇಯುತ್ತದೆ. ಅರ್ಧ ಕಟ್ಟಿದ ಮೇಲೆ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಲಿಲ್ಲವೋ, ಗಂಡು ಆ ಗೂಡು ಬಿಟ್ಟು ಇನ್ನೊಂದಕ್ಕೆ ಕೈ ಹಾಕುತ್ತದೆ. ಯಾವ ಇನ್‌ಸ್ಪೆಕ್ಟರೂ ಇಷ್ಟು ಪ್ರಾಮಾಣಿಕವಾಗಿ ಕಟ್ಟಡ ತಪಾಸಣೆ ಮಾಡಿದ್ದನ್ನು ನಾನು ಕಂಡಿಲ್ಲ.

ಕಪ್ಪು ತಲೆ ಹುಳು ಇದೆ. ಗರಿಯ ಅಡಿಗೆ ಬಲೆ ಕಟ್ಟಿಕೊಂಡು ಹಸಿರು ಕೆರೆದು ತಿಂದು, ಬೆಂಕಿ ಬಿದ್ದ ಹಾಗೆ ತೋಟ ಒಣಗಿಸುವ ಹುಳು. ಅದಕ್ಕೆ ಔಷಧಿಗಿಂತ ಮೇಲಾದ ಶತ್ರು ಗೋನಿಯೋಜಸ್ ಎನ್ನುವ ಇರುವೆಯಷ್ಟು ಕಣಜ. ಹುಳುವನ್ನು ಚುಚ್ಚಿ ಜಡ ಮಾಡಿ, ಅದರ ಮೈಮೇಲೆ ಮೊಟ್ಟೆಯಿಟ್ಟು, ಮರಿ ಬೆಳೆಯುವ ತನಕ ಪಕ್ಕದಲ್ಲೇ ಕಾವಲು ಕೂರುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ಸಾಕಿ ತೋಟಕ್ಕೆ ಬಿಡುತ್ತಾರೆ. ಏಳು ವರ್ಷದ ಮಗುವಿಗೆ ಈ ಕಥೆ ಹೇಳಿ, ಗರಿ ತಿರುಗಿಸಿ ತೋರಿಸಿ. ಟಿವಿಯ ಮುಂದೆ ಮತ್ತೆ ಕೂತರೆ ನನ್ನನ್ನು ಕೇಳಿ.

ಅಟ್ಟ ಇದೆ. ಬಲಿತ ಕಾಯಿ ಅಟ್ಟ ಹತ್ತಿ ವರ್ಷ ಹತ್ತಿರ ಕೂರುತ್ತದೆ. ಒಳಗಿನ ನೀರು ಇಂಗುತ್ತದೆ. ತಿರುಳು ಚಿಪ್ಪು ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು. ಅದೇ ಉಂಡೆ ಕೊಬ್ಬರಿ, ತಿಪಟೂರಿನ ಹೆಸರು ದೇಶಕ್ಕೆ ಗೊತ್ತಾದದ್ದೇ ಅದರಿಂದ. ನೀರು ಎಲ್ಲಿಗೆ ಹೋಯಿತು ಎಂದು ಮಗು ಕೇಳಿದರೆ ಅರ್ಧ ದಿನದ ಭೌತಶಾಸ್ತ್ರ ಅಲ್ಲೇ ಇದೆ. ಕೊಬ್ಬರಿ ರೇಟು ಯಾಕೆ ಬೀಳುತ್ತದೆ ಎಂದು ಕೇಳಿದರೆ ಮಾತ್ರ ಮೇಷ್ಟ್ರೂ ಇಲ್ಲ, ಮಂತ್ರಿಯೂ ಇಲ್ಲ.

ಇದೆಲ್ಲ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರಿಗೆ ಗೊತ್ತು. ಕೊನೇಹಳ್ಳಿ ನಮ್ಮ ತಾಲ್ಲೂಕಿನಲ್ಲೇ ಇದೆ. ಅದನ್ನು ದಾಟಿಕೊಂಡು ಬೆಂಗಳೂರಿಗೆ ಹೋಗುವವರಿಗೆ ಗೊತ್ತಿಲ್ಲ.

ಮತ್ತೆ ಯಾಕೆ ತೋಟ ಬೇಡ? ಹಾವಿನ ಭಯವಂತೆ. ತಲೆಯ ಮೇಲೆ ಕಾಯಿ ಬಿದ್ದರೆ ಜವಾಬ್ದಾರಿ ಯಾರದಂತೆ. ರಾತ್ರಿ ಹನ್ನೊಂದರಲ್ಲಿ ನಿದ್ದೆಗೆಟ್ಟ ಡ್ರೈವರು ಲಾರಿಗಳ ನಡುವೆ ಬಸ್ಸು ನುಗ್ಗಿಸಿದಾಗ ಈ ಜವಾಬ್ದಾರಿಯ ಪ್ರಶ್ನೆ ಯಾರಿಗೂ ಬರಲಿಲ್ಲ.

ನಿಜವಾದ ಕಾರಣ ಬೇರೆ. ಅದನ್ನು ಹೇಳಲು ಎಲ್ಲರಿಗೂ ನಾಚಿಕೆ. ನಮ್ಮ ಸೀಮೆಯಲ್ಲಿ ತೋಟ ಎನ್ನುವುದು ಒಂದು ಬೆದರಿಕೆ. “ಓದದಿದ್ರೆ ಕಾಯಿ ಸುಲಿಯೋಕೆ ಹೋಗ್ತೀಯ ನೋಡು.” ಈ ಮಾತು ಕೇಳದೆ ದೊಡ್ಡವನಾದ ಹುಡುಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ ಸಿಗಲಾರ. ನಾನೂ ನನ್ನ ಮಗನಿಗೆ ಹೇಳಿದ್ದೇನೆ. ಅವನು ಬೆದರಿದ. ಈಗ ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ ಕುಂಡಕ್ಕೆ ಕೋಕೋಪೀಟ್ ಹಾಕಿ ಟೊಮೆಟೊ ಬೆಳೆಯುತ್ತಾನೆ. ಕೋಕೋಪೀಟ್ ಎಂದರೆ ನಮ್ಮ ಮಟ್ಟೆಯ ನಾರು ತೆಗೆದಾಗ ಉದುರುವ ಪುಡಿ. ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ತರಿಸುತ್ತಾನೆ.

ಬೆದರಿಕೆ ಫಲ ಕೊಟ್ಟಿದೆ. ಕಾಯಿ ಕೀಳಲು ಆಳಿಲ್ಲ. ಮರ ಹತ್ತುವುದು ಹೇಗೆಂದು ತೆಂಗು ಅಭಿವೃದ್ಧಿ ಮಂಡಳಿ ತರಬೇತಿ ಶಿಬಿರ ನಡೆಸುತ್ತಿದೆ. ಶಿಕ್ಷೆಯ ಜಾಗಕ್ಕೆ ಮಕ್ಕಳನ್ನು ಪಿಕ್ನಿಕ್ ಕಳಿಸುತ್ತಾರೆಯೇ? ಕೆಲಸವಿಲ್ಲದ, ಬೆವರಿಲ್ಲದ, ಅಪ್ಪ ಅಮ್ಮನ ಪರಿಚಯವಿಲ್ಲದ ಹಸಿರು ಸಿಕ್ಕರೆ ಅದಕ್ಕೆ ‘ನೇಚರ್’ ಎನ್ನುತ್ತೇವೆ. ಮನೆಯ ಹಿಂದಿನದು ಬರೀ ತೋಟ.

ಈ ಶಾಲೆಯ ಅಂಗಳದಲ್ಲಿ ಒಂದು ಹೊಂಗೆ ಮರ ಇತ್ತು. ಬಸ್ಸು ನಿಲ್ಲಿಸಲು ಜಾಗ ಸಾಲದೆಂದು ಕಡಿಸಿದರು. ಆ ಬಸ್ಸಿನಲ್ಲೇ ನಾವು ಮರ ನೋಡಲು ಹೋದದ್ದು. ಉಳಿದ ಮಣ್ಣಿಗೆ ಟೈಲ್ಸ್ ಹಾಸಿದ್ದಾರೆ, ಎಲ್‌ಕೆಜಿ ಮಕ್ಕಳ ಕಾಲು ಕೊಳೆಯಾಗಬಾರದೆಂದು. ಎಲ್‌ಕೆಜಿಯ ಕೊನೆಯ ಎರಡಕ್ಷರ ಕಿಂಡರ್‌ಗಾರ್ಟನ್. ಜರ್ಮನಿಯ ಫ್ರೋಬೆಲ್ 1840ರಲ್ಲಿ ಇಟ್ಟ ಹೆಸರು. ಅರ್ಥ, ಮಕ್ಕಳ ತೋಟ. ಅವನ ಶಾಲೆಯಲ್ಲಿ ಮಗುವಿಗೊಂದು ಪುಟ್ಟ ಪಾತಿ ಇರುತ್ತಿತ್ತು. ನಾವು ತೋಟವನ್ನು ಅಕ್ಷರದಲ್ಲಿ ಉಳಿಸಿಕೊಂಡು ಅಂಗಳದಿಂದ ಕಿತ್ತಿದ್ದೇವೆ.

ಅಷ್ಟು ದೂರ ಯಾಕೆ? ಶಿವರಾಮ ಕಾರಂತರು ಪುತ್ತೂರಿನ ಗುಡ್ಡದ ಮೇಲೆ ಬಾಲವನ ಮಾಡಿದರು. ಹೆಸರಲ್ಲೂ ವನ, ನೆಲದಲ್ಲೂ ವನ. ಈಗ ಅಲ್ಲಿಗೂ ಟೂರು ಹೋಗುತ್ತದೆ.

ಕಾನೂನು, ಯೋಜನೆಗಳಿಗೇನೂ ಬರವಿಲ್ಲ. ಪರಿಸರ ಪಾಠ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ. ನಾವು ವಿಧೇಯರು, ಕೂಡಲೇ ಅದನ್ನು ಪುಸ್ತಕ ಮಾಡಿದೆವು, ಪುಸ್ತಕಕ್ಕೆ ಗೈಡು ಮಾಡಿದೆವು. ಸರ್ಕಾರಿ ಶಾಲೆಗಳಿಗೆ ಬ್ಯಾಗಿಲ್ಲದ ಸಂಭ್ರಮ ಶನಿವಾರ ಬಂತು. ಪಠ್ಯದಲ್ಲಿ ‘ಹೊರಸಂಚಾರ’ ಎನ್ನುವ ಮಾತು ಮೊದಲಿನಿಂದಲೂ ಇದೆ. ನಮ್ಮೂರ ಕಡೆಯ ಒಬ್ಬ ನಲಿಕಲಿ ಮೇಷ್ಟ್ರು ಅದನ್ನು ಅಕ್ಷರಶಃ ನಂಬಿ ಮಕ್ಕಳನ್ನು ಕೆರೆ ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು. ಎಲೆ ಆಯಿಸುತ್ತಿದ್ದರು. ಕೊಕ್ಕರೆ ಎಣಿಸುತ್ತಿದ್ದರು. ಖರ್ಚು, ಸೊನ್ನೆ. ಊರವರು ಏನಂದರು ಗೊತ್ತೇ? “ಆ ಮೇಷ್ಟ್ರು ಪಾಠ ಮಾಡಲ್ಲ, ಐಕಳ ಜೊತೆ ತಿರುಗ್ತಾ ಇರ್ತಾರೆ.” ಅಂದವರು ತಮ್ಮ ಮಕ್ಕಳನ್ನು ಬಿಡಿಸಿ ಟೈಲ್ಸ್ ಹಾಸಿದ ಶಾಲೆಗೆ ಸೇರಿಸಿದರು. ತಿರುಗುವುದಕ್ಕೆ 950 ರೂಪಾಯಿ ಕಟ್ಟಿದರು.

ರಾತ್ರಿ ಹನ್ನೆರಡರ ಮೇಲೆ ಊರು ತಲುಪಿದೆವು. ಮೊಮ್ಮಗಳು ಹೆಗಲ ಮೇಲೆ ನಿದ್ದೆ. ಬೆಳಿಗ್ಗೆ ಕೇಳಿದೆ, “ಏನೇನು ನೋಡ್ದೆ ಮಗಾ?”

“ಬಲೂನು ತಾತ. ಆಮೇಲೆ ಮುಂದಿರೋಳ ಬೆನ್ನು.”

ಸೋಮವಾರ ವರ್ಕ್‌ಶೀಟು ಬಂತು. ಬಿಟ್ಟ ಸ್ಥಳ ತುಂಬಿರಿ: ತೆಂಗಿನ ಮರ ನಮಗೆ ______ ಕೊಡುತ್ತದೆ. ಮೊಮ್ಮಗಳು ಯೋಚನೆ ಮಾಡಿ ಬರೆದಳು: ಸ್ಕೂಲ್ ಫೀಸು.

ಕೆಂಪು ಇಂಕಿನಲ್ಲಿ ಇಂಟು ಹಾಕಿ ಕಳಿಸಿದ್ದಾರೆ.