ನಮ್ಮ ಷಡ್ಡಕರ ಪೇಸ್

ಓಡುವವರ ಮನೆಯಲ್ಲಿ ಓಟ ಒಂದು ಗಂಟೆಯದು, ಓಟದ ಮಾತು ಇಪ್ಪತ್ತಮೂರು ಗಂಟೆಯದು. ಯಾರನ್ನೋ ಆಡಿಕೊಳ್ಳಲು ಈ ಮಾತು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ನಮ್ಮ ಷಡ್ಡಕರನ್ನೇ ಆಡಿಕೊಳ್ಳಲು ಹೇಳುತ್ತಿದ್ದೇನೆ. ನನ್ನ ಹೆಂಡತಿಯ ತಂಗಿಯ ಗಂಡ. ಬ್ಯಾಂಕಿನಲ್ಲಿ ಒಳ್ಳೆಯ ಕೆಲಸ, ಬಸವನಗುಡಿಯಲ್ಲಿ ಮನೆ, ವಯಸ್ಸು ಐವತ್ತಕ್ಕೆ ಇನ್ನೇನು ಸ್ವಲ್ಪ ಕಡಿಮೆ. ಮೊದಲು ಅವರ ಬಾಯಲ್ಲಿ ಎರಡೇ ವಿಷಯ: ಬಡ್ಡಿ ದರ ಮತ್ತು ಸೈಟಿನ ದರ. ಒಂದು ದಿನ ಡಾಕ್ಟರು ಕೊಲೆಸ್ಟರಾಲಿನ ರಿಪೋರ್ಟ್ ನೋಡಿ, "ಬೆಳಗ್ಗೆ ಹೊತ್ತು ಸ್ವಲ್ಪ ನಡೀರಿ" ಅಂದರು. ಡಾಕ್ಟರ ಮಾತನ್ನು ಅರ್ಧಂಬರ್ಧ ಕೇಳುವುದು ನಮ್ಮ ಮನೆತನದ ರೂಢಿ. ಇವರು ಮಾತ್ರ ಹೇಳಿದ್ದಕ್ಕಿಂತ ಜಾಸ್ತಿ ಕೇಳಿಸಿಕೊಂಡು ಓಡಲು ಶುರು ಮಾಡಿಬಿಟ್ಟರು.

ಅಂದಿನಿಂದ ಮನೆಯಲ್ಲಿ ಪೇಸ್ ಎಂಬ ಹೊಸ ದೇವರ ಪ್ರತಿಷ್ಠಾಪನೆ ಆಗಿದೆ. ಒಂದು ಕಿಲೋಮೀಟರ್ ಓಡಲು ಎಷ್ಟು ನಿಮಿಷ ಎಂಬ ಲೆಕ್ಕ ಅದು. ಷಡ್ಡಕರದು ಏಳು ಅಂತ ನಾದಿನಿ ಹೇಳುತ್ತಾಳೆ. ಅವರನ್ನೇ ಕೇಳಿ ನೋಡಿ, "ಆರು ಚಿಲ್ಲರೆ" ಅನ್ನುತ್ತಾರೆ. ಆರು ನಿಮಿಷ ಐವತ್ತೊಂಬತ್ತು ಸೆಕೆಂಡೂ ಆರು ಚಿಲ್ಲರೆಯೇ ತಾನೆ, ಬ್ಯಾಂಕಿನವರನ್ನು ಲೆಕ್ಕದಲ್ಲಿ ಹಿಡಿಯುವವರು ಯಾರು? ಕೀನ್ಯಾದ ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ ಇಡೀ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ಮುಗಿಸಿದ. ಕಿಲೋಮೀಟರಿಗೆ 2 ನಿಮಿಷ 50 ಸೆಕೆಂಡ್ ಬಿತ್ತು. ಅಂದರೆ ಅವನದು ಎರಡು ಚಿಲ್ಲರೆ, ನಮ್ಮವರದು ಆರು ಚಿಲ್ಲರೆ. ಚಿಲ್ಲರೆಯ ವಿಷಯದಲ್ಲಿ ನಮ್ಮವರೇ ಒಂದು ಕೈ ಮುಂದೆ.

ಇನ್ನು ಶೂಗಳ ವಿಷಯ. ದಿನನಿತ್ಯದ ಓಟಕ್ಕೆ ಒಂದು ಜೊತೆ, ವೇಗದ ಓಟಕ್ಕೆ ಒಂದು, ರೇಸಿಗೆ ಒಂದು, ಕಾಡುದಾರಿಗೆ ಹಲ್ಲುಹಲ್ಲಿನ ಸೋಲಿನದು ಇನ್ನೊಂದು. ರೇಸಿನ ಶೂ ಒಳಗೆ ಕಾರ್ಬನ್ ತಗಡು ಇದೆಯಂತೆ, ಅದು ಕಾಲನ್ನು ಮುಂದಕ್ಕೆ ಚಿಮ್ಮಿಸುತ್ತದಂತೆ. ಇಂಥ ಶೂಗಳ ಹಾವಳಿ ಹೆಚ್ಚಿ, ರಸ್ತೆ ಓಟದ ಸ್ಪರ್ಧೆಗಳಲ್ಲಿ ಅಟ್ಟೆಯ ದಪ್ಪ 40 ಮಿಲಿಮೀಟರ್ ಮೀರಬಾರದು ಅಂತ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ಕಟ್ಟಳೆ ಮಾಡಬೇಕಾಯಿತು. "ನನ್ನದು ನಿಯಮದ ಒಳಗೇ ಇದೆ" ಎಂದು ಷಡ್ಡಕರು ಸ್ಕೇಲು ಹಿಡಿದು ತೋರಿಸಿದರು. ಅವರ ದಾಖಲೆಯನ್ನು ಯಾರಾದರೂ ಪ್ರಶ್ನಿಸಿಬಿಟ್ಟರೆ ಅನ್ನುವ ಮುಂಜಾಗ್ರತೆ ಇರಬೇಕು. ನಾದಿನಿಯ ಲೆಕ್ಕ ಬೇರೆ. "ಭಾವ, ನನ್ನ ನೋಡೋಕೆ ಬಂದಾಗ ಇವರ ಹತ್ರ ಇದ್ದಿದ್ದು ಒಂದೇ ಜೊತೆ ಚಪ್ಪಲಿ. ಅದೂ ಒಂದರ ಉಂಗುಷ್ಠ ಕಿತ್ತುಹೋಗಿತ್ತು."

ಈ ಶೂ ಪುರಾಣ ಕೇಳಿದಾಗಲೆಲ್ಲ ನನಗೆ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ನೆನಪಾಗುತ್ತಾರೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಗಾಡಿನ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡ ದೊರಾಬ್ಜಿ ಟಾಟಾ, ಇವರನ್ನು ಒಲಿಂಪಿಕ್ಸಿಗೇ ಕಳಿಸಬಹುದಲ್ಲ ಅಂದುಕೊಂಡರು. ಮರುವರ್ಷ ಆಂಟ್ವರ್ಪಿಗೆ ಹೋದ ಆ ಪುಟ್ಟ ತಂಡದಲ್ಲಿ ಚೌಗುಲೆ ಇದ್ದರು. ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಆ ವರ್ಷದ ದಾರಿ ಈಗಿನದಕ್ಕಿಂತ ಅರ್ಧ ಕಿಲೋಮೀಟರ್ ಉದ್ದವೇ ಇತ್ತು. ಜೆಲ್ ಇಲ್ಲ, ವಾಚ್ ಇಲ್ಲ, ಫೋಮ್ ರೋಲರ್ ಇಲ್ಲ. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿದ ಮ್ಯಾರಥಾನ್ ಎಷ್ಟೋ ದಶಕ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ಅವರೂ ಬರಿಗಾಲಿನ ಗಿರಾಕಿಯೇ. ಇದನ್ನೆಲ್ಲ ಒಂದು ದಿನ ಷಡ್ಡಕರಿಗೆ ಹೇಳಿದೆ. ಬಹಳ ಗಂಭೀರವಾಗಿ ಕೇಳಿಸಿಕೊಂಡರು. ಮಾರನೆಯ ವಾರ ಮನೆಗೆ ಇನ್ನೊಂದು ಪೆಟ್ಟಿಗೆ ಬಂತು. ಬರಿಗಾಲಿನ ಅನುಭವ ಕೊಡುವ ಶೂ ಅಂತೆ. ಬೆಲೆ ಮಿಕ್ಕ ಎಲ್ಲಕ್ಕಿಂತ ಜಾಸ್ತಿ.

ಭಾನುವಾರ ಬೆಳಗಿನ ಜಾವ ಅವರ ಗುಂಪು ಕಬ್ಬನ್ ಪಾರ್ಕಿನಲ್ಲಿ ಸೇರುತ್ತದೆ. 1870ರಲ್ಲಿ ಸ್ಯಾಂಕಿ ಸಾಹೇಬರು ಈ ಉದ್ಯಾನದ ನಕ್ಷೆ ಹಾಕುವಾಗ, ಮುಂದೊಂದು ದಿನ ಇಲ್ಲಿ ಜನ ಕಾಸು ಕೊಟ್ಟು ಬೆವರು ಸುರಿಸುತ್ತಾರೆ ಅಂತ ಕನಸಲ್ಲೂ ಎಣಿಸಿರಲಾರರು. ಗಾಡಿಗಳ ಕಾಟ ಇಲ್ಲ, ಬಿದಿರ ಮೆಳೆಯ ತಂಪು ಇದೆ, ಮರದ ಕೆಳಗೆ ನಾಯಿಗಳು ಮಲಗಿವೆ. ಒಂದೊಂದು ಸಲ ನನ್ನನ್ನೂ ಕರೆದುಕೊಂಡು ಹೋಗುತ್ತಾರೆ. ನನ್ನ ಹುದ್ದೆ ಏನು ಗೊತ್ತೇ? ಬ್ಯಾಗು ಕಾಯುವುದು. ಕಲ್ಲುಬೆಂಚಿನ ಮೇಲೆ ಕೂತು ಹನ್ನೆರಡು ಜನರ ಮೊಬೈಲು, ಕಾರಿನ ಕೀಲಿ, ಟವೆಲ್ಲುಗಳ ನಡುವೆ ಪೇಪರ್ ಓದುವ ಈ ಹುದ್ದೆಗೆ ನಿವೃತ್ತಿ ಇಲ್ಲ, ಮೀನಖಂಡದ ನೋವೂ ಇಲ್ಲ.

ಅಲ್ಲಿ ಕೂತು ನಾನು ಕಂಡುಕೊಂಡ ಸತ್ಯ ಏನೆಂದರೆ, ಈ ಜನ ಓಡಲಿಕ್ಕೆ ಮುಂಚೆ ಅರ್ಧ ಗಂಟೆ ನೋವಿನ ಮಾತಾಡುತ್ತಾರೆ. ಹಿಂದೆಲ್ಲ ನಮ್ಮಲ್ಲಿ ಕಾಲು ನೋವು ಅಂದರೆ ಕಾಲು ನೋವು, ಅಷ್ಟೆ. ನೀಲಗಿರಿ ಎಣ್ಣೆ ಹಚ್ಚಿ ಬಿಸಿನೀರು ಹಾಕಿದರೆ ಮುಗಿಯಿತು. ಇವರಲ್ಲಿ ಒಂದೊಂದು ನೋವಿಗೂ ಒಂದೊಂದು ನಾಮಕರಣ. ಒಬ್ಬರಿಗೆ ಐಟಿ ಬ್ಯಾಂಡ್, ಒಬ್ಬರಿಗೆ ಶಿನ್ ಸ್ಪ್ಲಿಂಟ್, ಷಡ್ಡಕರಿಗೆ ಹಿಮ್ಮಡಿಯ ಪ್ಲಾಂಟರ್ ಫ್ಯಾಸಿಯೈಟಿಸ್. ಅದನ್ನು ಅವರು ಹೇಳುವ ಠೀವಿ ನೋಡಬೇಕು, ಮನೆಗೆ ಬಂದವರಿಗೆ ಅಳಿಯನ ಅಮೆರಿಕದ ಕೆಲಸ ವರ್ಣಿಸುವ ಅತ್ತೆಯ ಹಾಗೆ. ಯಾವ ನೋವೂ ಇಲ್ಲದ ಒಬ್ಬ ಹುಡುಗ ಆ ಗುಂಪಿನಲ್ಲಿದ್ದಾನೆ. ಪಾಪ, ಅವನ ಜೊತೆ ಯಾರೂ ಮಾತಾಡುವುದಿಲ್ಲ.

ಓಟ ಮುಗಿದರೆ ತಿಂಡಿ. ಗಂಡುಮಕ್ಕಳೆಲ್ಲ ಭಾನುವಾರ ನಾಲ್ಕೂವರೆಗೆ ಏಳುವ ಗುಟ್ಟು ಈ ತಿಂಡಿಯಲ್ಲಿ ಇದೆ ಅನ್ನುವುದು ನನ್ನ ದೃಢ ನಂಬಿಕೆ. ಓಡುವಾಗ ಸುಡುವ ಕ್ಯಾಲೊರಿಗೆ ಒಂದು ಒರಟು ಲೆಕ್ಕ ಇದೆ: ಮೈತೂಕದ ಒಂದು ಕಿಲೋಗೆ, ಓಡಿದ ಒಂದು ಕಿಲೋಮೀಟರಿಗೆ, ಸುಮಾರು ಒಂದು ಕ್ಯಾಲೊರಿ. ಷಡ್ಡಕರು 76 ಕಿಲೋ. ಹತ್ತು ಕಿಲೋಮೀಟರಿಗೆ 760 ಆಯಿತು. ಈಗ ಖರ್ಚಿನ ಕಡೆ ಬನ್ನಿ. ಎರಡು ಇಡ್ಲಿ, ಸಾಂಬಾರಲ್ಲಿ ಮುಳುಗಿಸಿದ ಒಂದು ವಡೆ, ಬೆಣ್ಣೆ ಕರಗುತ್ತಿರುವ ಒಂದು ಮಸಾಲೆ ದೋಸೆ. "ಒಂದು ಖಾರಾಬಾತ್ ಬೈಟೂ ಮಾಡೋಣ" ಅಂತ ಯಾರೋ ಅನ್ನುತ್ತಾರೆ. ಖಾರಾಬಾತ್ ಒಂಟಿಯಾಗಿ ಇರಬಾರದು ಅಂತ ಕೇಸರಿಬಾತ್ ಬರುತ್ತದೆ. ಮೇಲೆ ಸ್ಟ್ರಾಂಗ್ ಕಾಫಿ. ಹೋದ ದಸರಾದಲ್ಲಿ ಷಡ್ಡಕರ ತೂಕ 74 ಇತ್ತು ಎಂಬುದನ್ನು ನಾದಿನಿ ಯಾವ ಟೀಕೆಯನ್ನೂ ಸೇರಿಸದೆ ನನಗೆ ತಿಳಿಸಿದ್ದಾಳೆ.

ವರ್ಷಕ್ಕೊಮ್ಮೆ ಬರುವ ದೊಡ್ಡ ಹಬ್ಬ ಅಂದರೆ ಬೆಂಗಳೂರಿನ ವರ್ಲ್ಡ್ 10ಕೆ. 2008ರಲ್ಲಿ ಶುರುವಾದದ್ದು. ಈಗ ಅದರ ಹೆಸರಿನ ಮುಂದೆ ಟಿಸಿಎಸ್ ಇದೆ. ಬರಿಗಾಲಿನ ಹುಡುಗರನ್ನು ಹಡಗು ಹತ್ತಿಸಿದ ಟಾಟಾ ಮನೆತನದ ಕಂಪನಿಯೇ ಈಗ ನಮ್ಮ ಷಡ್ಡಕರ ಓಟಕ್ಕೂ ಒತ್ತಾಸೆ. ಜೊತೆಗೆ ಮಜ್ಜಾ ರನ್ ಅಂತಲೂ ಇದೆ, ವೇಷ ಹಾಕಿಕೊಂಡು, ಫೋಟೋ ತೆಗೆಸಿಕೊಂಡು, ಹರಟುತ್ತ ಹೋಗುವವರಿಗೆ. ನನ್ನ ಪ್ರಕಾರ ಅವರೇ ಬುದ್ಧಿವಂತರು. ಮೊದಲ ವರ್ಷ ಷಡ್ಡಕರು ಹೆಸರು ಕೊಟ್ಟು ಬಂದ ಸಂಜೆ ನಮ್ಮ ಅತ್ತೆ ಕೇಳಿದರು, "ಅಷ್ಟು ದೂರ ಓಡಿದರೆ ದುಡ್ಡು ಎಷ್ಟು ಕೊಡ್ತಾರೆ?"

"ಅವರು ಕೊಡಲ್ಲ ಅತ್ತೆ, ನಾವು ಕೊಡಬೇಕು."

ಅತ್ತೆ ಒಂದು ಕ್ಷಣ ಅಳಿಯನ ಮುಖ ನೋಡಿದರು, ಆಮೇಲೆ ಮಗಳ ಮುಖ ನೋಡಿದರು. ಜಾತಕ ಸರಿಯಾಗಿ ನೋಡಿಸಬೇಕಿತ್ತು ಅಂತ ಅನ್ನಿಸಿರಬೇಕು.

ರೇಸ್ ಮುಗಿಸಿ ಬಂದವರ ಮೊದಲ ಮಾತು ಸಾಮಾನ್ಯವಾಗಿ ದೂರಿನದು. "ಭಾವ, ದಾರಿ ಅಳತೆ ಸರಿ ಇಲ್ಲ. ನನ್ನ ವಾಚಲ್ಲಿ 10.2 ಬಂತು." ಪಾಪ, ಅಳತೆ ಮಾಡಿದವರ ತಪ್ಪೇನೂ ಇಲ್ಲ. ಚಕ್ರಕ್ಕೆ ಎಣಿಕೆಯಂತ್ರ ಕಟ್ಟಿದ ಸೈಕಲ್ಲಿನಲ್ಲಿ, ತಿರುವಿನಲ್ಲಿ ಅಂಚಿನಿಂದ ಒಂದು ಅಡಿ ಬಿಟ್ಟು, ಓಡಲು ಸಾಧ್ಯವಿರುವ ಅತಿ ಹತ್ತಿರದ ಗೆರೆಯನ್ನೇ ಹಿಡಿದು ಅಳೆಯುತ್ತಾರೆ. ಎಲ್ಲಾದರೂ ಕಡಿಮೆ ಬಿದ್ದೀತು ಅಂತ ಕಿಲೋಮೀಟರಿಗೆ ಒಂದು ಮೀಟರ್ ಕೊಸರು ಬೇರೆ ಸೇರಿಸುತ್ತಾರೆ. ಷಡ್ಡಕರು ನೀರಿನ ಟೇಬಲ್ಲಿಗೆ ಈ ಕಡೆ, ಕ್ಯಾಮೆರಾ ಕಂಡರೆ ಆ ಕಡೆ, ಬ್ಯಾಂಕಿನ ಮ್ಯಾನೇಜರ್ ಕಂಡರೆ ಅವರ ಪಕ್ಕಕ್ಕೆ ಅಂತ ಹಾವಿನಂತೆ ಹೊರಳಾಡಿಕೊಂಡು ಓಡಿದರೆ ಅದಕ್ಕೆ ಸೈಕಲ್ಲಿನವರು ಏನು ಮಾಡಬೇಕು? ವಿಚಿತ್ರ ಅಂದರೆ, ಉಳಿದ ದಿನ ವಾಚು 9.86 ತೋರಿಸಿದರೆ ಈ ಮನುಷ್ಯ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರುಗಳ ಸುತ್ತ ಪ್ರದಕ್ಷಿಣೆ ಹಾಕಿ ಹತ್ತು ತುಂಬಿಸುತ್ತಾರೆ. ಆಗ ವಾಚು ವೇದವಾಕ್ಯ. ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿಗೆ ಹತ್ತು ಅಂತ ಏರಬೇಕಲ್ಲ! ವಾಚ್‌ಮನ್‌ಗೆ ಈಗ ಅಭ್ಯಾಸವಾಗಿದೆ, ಮೊದಲ ಸಲ ಮಾತ್ರ ಸೀಟಿ ಊದಿದ್ದ.

ದೂರುಗಳ ಪಟ್ಟಿ ಊರೂರಿಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ನಿಧಾನವಾದರೆ, "ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೀವಿ, ಗಾಳಿ ತೆಳು." ಮುಂಬೈಯಲ್ಲಿ ಸಮುದ್ರ ಪಕ್ಕದಲ್ಲೇ ಇದೆ, ಗಾಳಿ ಧಾರಾಳ. ಅಲ್ಲಿ, "ಸೆಖೆ, ಭಾವ, ಸೆಖೆ! ಅದೂ ಸಾಲದು ಅಂತ ಕೊನೆಗೆ ಪೆಡ್ಡರ್ ರಸ್ತೆ ಏರು." ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಓಟದಲ್ಲಿ ಏರೂ ಇಲ್ಲ, ಸಮುದ್ರವೂ ಇಲ್ಲ. ನಾಲೆಯ ಏರಿಯ ಮೇಲೆ, ಭತ್ತದ ಗದ್ದೆಗಳ ಪಕ್ಕದಲ್ಲಿ ಹೋಗಿ ಹಾಗೇ ವಾಪಸ್ ಬರುವುದು. ಅಲ್ಲಿ ಏನು ಅಡ್ಡಿಯಾಯಿತು? "ರಂಗನತಿಟ್ಟು ಪಕ್ಕದಲ್ಲೇ ಇದೆಯಲ್ಲ, ಹಕ್ಕಿ ನೋಡ್ತಾ ನಿಂತ್ಬಿಟ್ಟೆ." ಹಿಂದೆಂದೂ ಕಾಗೆ ಬಿಟ್ಟು ಬೇರೆ ಹಕ್ಕಿಯ ಹೆಸರು ಹೇಳಿದವರಲ್ಲ.

2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೆಸರಿನಲ್ಲಿ 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದ ಸುದ್ದಿ ಎಲ್ಲೆಡೆ ಹಬ್ಬಿತ್ತಲ್ಲ, ಆಗ ಅತ್ತೆ ಆ ವಿಡಿಯೋವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಷಡ್ಡಕರ ಹೆಸರು ಬರೆದಿದ್ದರು. "ಮುಂದೆ ಕೋಣ ಇದ್ದರೆ ಅದು ಎಳ್ಕೊಂಡು ಹೋಗತ್ತೆ ಅತ್ತೆ, ಹೋಲಿಸೋ ಹಾಗಿಲ್ಲ" ಅಂತ ಷಡ್ಡಕರು ಉತ್ತರಿಸಿದರು. ನ್ಯಾಯವಾದ ಮಾತೇ. ಕೋಣಗಳ ಸರದಾರ ಗೌಡರೂ ತಮ್ಮನ್ನು ಉಸೇನ್ ಬೋಲ್ಟ್ ಜೊತೆ ತೂಗಿದ್ದನ್ನು ಒಪ್ಪಲಿಲ್ಲ, ಕ್ರೀಡಾ ಪ್ರಾಧಿಕಾರ ಕರೆದರೂ ಟ್ರಯಲ್ಲಿಗೆ ಹೋಗಲಿಲ್ಲ. ಆದರೆ ಅತ್ತೆ ಬಿಡಬೇಕಲ್ಲ. "ಹಾಗಾದರೆ ನೀವೂ ಒಂದು ಜೊತೆ ತಂದು ಕಟ್ಟಿ" ಅಂದರು.

ರೇಸ್ ಇಲ್ಲದ ವಾರಾಂತ್ಯದಲ್ಲಿ ಬೆಟ್ಟ ಹತ್ತುವುದು. ಕುಮಾರಪರ್ವತಕ್ಕೆ ಹೋಗಿ ಬಂದದ್ದನ್ನು ವರ್ಣಿಸುವಾಗ 1712 ಮೀಟರ್ ಎತ್ತರದ ಬಗ್ಗೆ ಒಂದು ವಾಕ್ಯ, ಗಿರಿಗದ್ದೆಯ ಭಟ್ಟರ ಮನೆಯ ಅನ್ನ ಸಾಂಬಾರಿನ ಬಗ್ಗೆ ಒಂದು ಅಧ್ಯಾಯ, ಇಂಬಳಗಳ ಬಗ್ಗೆ ಒಂದು ಮಹಾಕಾವ್ಯ. ಸ್ಥಳೀಯರು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಆರಾಮಾಗಿ ಹೋಗುವ ದಾರಿಯಲ್ಲಿ ಇವರು ವಿದೇಶಿ ಸ್ಪ್ರೇ ಹೊಡೆದುಕೊಂಡಿದ್ದರು. ಇಂಬಳಗಳಿಗೆ ಅದರ ವಾಸನೆ ಹಿಡಿಸಿತೆಂದು ಕಾಣುತ್ತದೆ.

ಶಿವಗಂಗೆಗೆ ಮಾತ್ರ ನಾನೂ ಹೋಗಿದ್ದೆ, ನಮ್ಮ ಮನೆಯವಳಿಗೆ ಒಳಕಲ್ ತೀರ್ಥ ನೋಡಬೇಕಿತ್ತು. ತುಪ್ಪ ಬೆಣ್ಣೆಯಾಗುತ್ತದೆ ಅಂತ ಹೆಸರಾದ ಬೆಟ್ಟ. ಷಡ್ಡಕರು ಮಡಚುವ ಕೋಲು, ಬೆನ್ನಿಗೆ ನೀರಿನ ಚೀಲ, ಎದೆಯ ಜೇಬಲ್ಲಿ ಸಾಲಾಗಿ ಜೆಲ್ ಪೊಟ್ಟಣ ಸಿಕ್ಕಿಸಿಕೊಂಡು ಹೊರಟರು. ಜೆಲ್ ಅಂದರೆ ಸಕ್ಕರೆ ಪಾಕ, ಅಷ್ಟೇ. ದೂರದ ಓಟದಲ್ಲಿ ಮೈಯೊಳಗಿನ ಗ್ಲೈಕೋಜನ್ ದಾಸ್ತಾನು ಮೂವತ್ತನೆಯ ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗಿ ಕಾಲು ಮುಷ್ಕರ ಹೂಡುತ್ತವೆ, ಅದಕ್ಕೆ ಮುಂಚೆಯೇ ಹೀರುತ್ತಿರಬೇಕು ಅನ್ನುವುದು ಶಾಸ್ತ್ರ. ಶಿವಗಂಗೆಯಲ್ಲಿ ಮೂವತ್ತು ಕಿಲೋಮೀಟರ್ ಎಲ್ಲಿಂದ ಬರಬೇಕು? ಮೊದಲ ಕಡಿದಾದ ಏರಿನಲ್ಲೇ ಒಂದು ಪೊಟ್ಟಣ ತೆಗೆದು ಹಲ್ಲಿನಿಂದ ಕಚ್ಚಿ ಹರಿಯಲು ಶುರು ಮಾಡಿದರು. ಬರಲಿಲ್ಲ. ತಿರುಗಿಸಿ ಕಚ್ಚಿದರು. ಬಂಡೆಯ ಮೇಲೆ ಕೂತು ಇದನ್ನೆಲ್ಲ ಗಮನಿಸುತ್ತಿದ್ದ ಕೋತಿಯೊಂದು ಇಳಿದು ಬಂದು, ಅವಸರವಿಲ್ಲದೆ ಪೊಟ್ಟಣ ಕಿತ್ತುಕೊಂಡು, ಒಂದೇ ಕಡಿತಕ್ಕೆ ಮೂಲೆ ಹರಿದು ಹೀರಿತು. ರುಚಿ ನೋಡಿ ಮುಖ ಕಿವಿಚಿ ಬಿಸಾಕಿತು. ಅಷ್ಟರಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡ ಅಜ್ಜಿಯೊಬ್ಬರು ಬರಿಗಾಲಲ್ಲಿ ನಮ್ಮನ್ನು ದಾಟಿ, "ಕಡ್ಲೆಕಾಯಿ ತರಬೇಕಿತ್ತಪ್ಪಾ" ಅಂದು ಮೇಲೆ ಹೋದರು. ಅವರ ಪೇಸ್ ಎಷ್ಟಿತ್ತೋ, ವಾಚಿರಲಿಲ್ಲ.

ಸದ್ಯದ ಬಿಕ್ಕಟ್ಟು ಮುಂಬೈ ಮ್ಯಾರಥಾನಿನದು. ಅದು ಜನವರಿಯ ಮೂರನೆಯ ಭಾನುವಾರ. ಸಂಕ್ರಾಂತಿಗೆ ಧನುರ್ಮಾಸ ಮುಗಿದು, ಒಂದು ತಿಂಗಳು ತಡೆದಿದ್ದ ಮದುವೆಗಳೆಲ್ಲ ಮುನ್ನುಗ್ಗುವ ವಾರವೂ ಅದೇ. ಷಡ್ಡಕರ ಸ್ವಂತ ಅಕ್ಕನ ಮಗನ ಮದುವೆಗೆ ಸರಿಯಾಗಿ ಆ ಭಾನುವಾರವೇ ಮುಹೂರ್ತ ಇಟ್ಟಿದ್ದಾರೆ. ಸೋದರಮಾವ ಇಲ್ಲದೆ ಹಸೆಮಣೆ ಶಾಸ್ತ್ರ ನಡೆಯುವ ಹಾಗಿಲ್ಲ. ಷಡ್ಡಕರು ಆಗಲೇ ದುಡ್ಡು ಕಟ್ಟಿ ಬಿಬ್ ನಂಬರ್ ಹಿಡಿದಾಗಿದೆ. ಪುರೋಹಿತರಿಗೆ ಫೋನ್ ಮಾಡಿ, "ಸ್ವಾಮಿ, ಸಂಜೆ ಗೋಧೂಳಿ ಲಗ್ನ ಏನಾದರೂ..." ಅಂತ ರಾಗ ಎಳೆದು ಬೈಸಿಕೊಂಡದ್ದೂ ಆಯಿತು. ಮೊನ್ನೆ ಮನೆಯವರೆಲ್ಲ ಕೂತಿದ್ದಾಗ ಹೊಸ ಯೋಜನೆ ಮಂಡಿಸಿದರು. "ಹಾಫ್ ಮ್ಯಾರಥಾನ್ ಬೆಳಗ್ಗೆ ಐದಕ್ಕೇ ಶುರು. ಏಳೂವರೆಗೆ ಮುಗಿಸಿದರೆ, ವಿಮಾನ ಹಿಡಿದು..."

"ವಿಮಾನಕ್ಕೆ ಯಾಕೆ ಖರ್ಚು ಮಾಡ್ತೀರಿ?" ಅತ್ತೆ ಹೂ ಕಟ್ಟುತ್ತಿದ್ದವರು ತಲೆ ಎತ್ತದೆಯೇ ಅಂದರು. "ಹೇಗೂ ಓಡ್ತಿರ್ತೀರಲ್ಲ, ಹಾಗೇ ಓಡ್ಕೊಂಡು ಬಂದ್ಬಿಡಿ."

ನಾವೆಲ್ಲ ನಕ್ಕೆವು. ಷಡ್ಡಕರು ನಗಲಿಲ್ಲ. ಮೊಬೈಲ್ ತೆಗೆದು ಲೆಕ್ಕ ಹಾಕತೊಡಗಿದರು. "ಹೆಚ್ಚೂಕಡಿಮೆ 980 ಕಿಲೋಮೀಟರ್, ನನ್ನ ಪೇಸಿನಲ್ಲಿ ನಾಲ್ಕು ದಿನ ಹದಿನೆಂಟು ಗಂಟೆ, ಅದೂ ನಿಲ್ಲದೆ ಓಡಿದರೆ." ನಾದಿನಿ ತಟಕ್ಕನೆ, "ಅಂದ್ರೆ ಏಳು ಅಂತ ಒಪ್ಕೊಂಡ್ರಿ" ಅಂದಳು. ಅವರಿಗೆ ಅದು ಕೇಳಿಸಲೇ ಇಲ್ಲ. ತೆರೆಯ ಮೇಲೆ ಬೆರಳಾಡಿಸುತ್ತ ನನ್ನ ಕಡೆ ತಿರುಗಿದರು.

"ಆದ್ರೆ ಭಾವ, ಪುಣೆ ದಾಟಿದ ಮೇಲೆ ಖಂಬಾಟ್ಕಿ ಘಾಟ್ ಏರು ಇದೆ. ಅಲ್ಲಿ ಪೇಸ್ ಸ್ವಲ್ಪ ಬೀಳತ್ತೆ."