ತಲಕಟ್ಟಿಲ್ಲದ ಮುಖ

ಮಗಳ ಡಿಸೈನ್ ಕೋರ್ಸಿನಲ್ಲಿ ಹೋಂವರ್ಕು ಕೊಟ್ಟಿದ್ದರು: ಬರೀ ಅಕ್ಷರ, ಅಂಕಿಗಳಿಂದಲೇ ನಿಮ್ಮ ಮುಖದ ಪೋಸ್ಟರ್ ಮಾಡಿ, ಅವೆಲ್ಲ ನಿಮ್ಮದೇ ವಿವರಗಳಾಗಿರಲಿ. ಅವಳು ಇಂಗ್ಲಿಷಿನಲ್ಲಿ ಬೇಗ ಮುಗಿಸಿ ಎದ್ದಳು. "ಕನ್ನಡದಲ್ಲಾದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದೆ. "ಹಾಗಾದ್ರೆ ನಿಮ್ಮದನ್ನ ನೀವೇ ಮಾಡಿ ಅಪ್ಪ" ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿದಳು. ಬಾಯಿ ಬಿಟ್ಟರೆ ಬಣ್ಣಗೇಡು.

ಕಣ್ಣಿಗೆ ಯೋಚಿಸಲೇ ಇಲ್ಲ. ಠ ಇದೆಯಲ್ಲ! ದುಂಡು ಕಣ್ಣು, ನಡುವೆ ಪಾಪೆ, ಮೇಲೆ ತಲಕಟ್ಟಿನ ಹುಬ್ಬು. ಕನ್ನಡದ ಗಂಧಗಾಳಿ ಇಲ್ಲದ ಅಮೆರಿಕದ ಹುಡುಗರೂ ಚಾಟಿನಲ್ಲಿ ಎರಡು ಠ ನಡುವೆ ಅಡ್ಡಗೆರೆ ಎಳೆದು, ಠ_ಠ ಎಂದು ಕೆಕ್ಕರಿಸುತ್ತಾರೆ. ನನ್ನದು ಮೇಷ್ಟ್ರ ಕೆಲಸ, ಎಡಗಣ್ಣಿಗೆ 'ಪಾಠ'ದ ಠ ಬಂತು. ಬಲಗಣ್ಣಿಗೆ 'ಹಠ' ಎಂದು ಅಡುಗೆಮನೆಯಿಂದ ಸೂಚನೆ ಬಂತು.

ಕಷ್ಟವಾಗಿದ್ದು ಮೂಗು. ತಾಳೆಗರಿಯ ಮೇಲೆ ಮೊನಚು ಕಡ್ಡಿಯಿಂದ ನೆಟ್ಟಗೆ ಗೀಚಿದರೆ ಗರಿ ಸೀಳುತ್ತದೆಂದೇ ನಮ್ಮ ಲಿಪಿ ಹೀಗೆ ದುಂಡಗಾಯಿತು ಎನ್ನುತ್ತಾರೆ. ನನ್ನ ಮೂಗೋ ಅಳತೆಪಟ್ಟಿ. ಆಧಾರ್‌ನ 12 ಅಂಕಿಗಳನ್ನು ಒಂದರ ಕೆಳಗೊಂದು ಇಳಿಸಿದೆ. "ಅಪ್ಪ, ಯಾರಾದ್ರೂ ನೋಡಿ ನಿಮ್ಮ ಹೆಸರಲ್ಲಿ ಸಾಲ ತೆಗೀತಾರೆ" ಎಂದು ಮಗಳು ಮೊದಲ ಎಂಟಕ್ಕೆ ಇಂಟು ಮಾರ್ಕು ಹಾಕಿದಳು. ಮೂಗಿಗೆ ಆಪರೇಷನ್ ಮಾಡಿ ಹೊಲಿಗೆ ಹಾಕಿದಂತಾಯಿತು.

ಒಂದು ಕಿವಿಗೆ ಶಾಲೆಯ ದಾಖಲೆಯ ಜನ್ಮದಿನ, 1-6-1968. ಇನ್ನೊಂದಕ್ಕೆ ಅಮ್ಮ ಹೇಳುವುದು, 'ದೀಪಾವಳಿ ಮಾರನೇ ದಿನ'. ಎರಡೂ ಕಿವಿ ಒಂದೇ ಅಳತೆಗೆ ಬರಲೇ ಇಲ್ಲ. ಬಾಯಿಗೆ ಊರ ಹೆಸರು 'ತೀರ್ಥಹಳ್ಳಿ' ಎಂದು ಹಾಕಿದರೆ, ಲ್ಯಾಪ್‌ಟಾಪಿನ ಹಳೇ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಅತ್ತಿತ್ತ ಕೂತವು. ಸರಿಪಡಿಸಲು ಹೊರಟ ಮಗಳನ್ನು ನಾನೇ ತಡೆದೆ. ನನ್ನ ಕೆಳಸಾಲಿನ ಹಲ್ಲು ಇರುವುದೇ ಹಾಗೆ.

ಉಳಿದದ್ದು ತಲೆ. ಪ, ತ, ಗ, ಯಾವುದನ್ನು ಇಟ್ಟರೂ ತಲಕಟ್ಟು ಎದ್ದು ಕಾಣುತ್ತದೆ. ನನ್ನ ತಲೆ ಮೇಲೆ ಅಂಥದ್ದೇನೂ ಉಳಿದಿಲ್ಲ. ತಲಕಟ್ಟಿಲ್ಲದ ಅಕ್ಷರ ಹುಡುಕಿದಾಗ ಸಿಕ್ಕಿದ್ದು ಬ. ಬೋಳಿನ ಬ! ಲಿಪಿ ಮಾಡಿದವರು ನನ್ನನ್ನು ಮೊದಲೇ ಕಂಡಿದ್ದರೇನೋ. ನಡುನೆತ್ತಿಯ ಮೇಲೆ ಅದೊಂದನ್ನೇ ಇಟ್ಟು ಸುತ್ತ ಖಾಲಿ ಬಿಟ್ಟೆ.

ಪೋಸ್ಟರ್ ಈಗ ಅಡುಗೆಮನೆ ಬಾಗಿಲ ಹಿಂದಿದೆ. ನೆತ್ತಿಯ ಖಾಲಿ ಜಾಗದಲ್ಲಿ ನನ್ನವಳು ಹಾಲಿನ ಲೆಕ್ಕ ಬರೆಯುತ್ತಾಳೆ. ಈ ತಿಂಗಳು ಮೂರು ದಿನ ಹಾಲು ಬಂದಿಲ್ಲ.