ಮೂವತ್ತು ಚದರಡಿ ಆಫೀಸು

ಮನೆಯಿಂದ ಕೆಲಸ ಮಾಡುವವರಿಗೆ ಅಮೆರಿಕದಲ್ಲಿ ತೆರಿಗೆ ಉಳಿಯುತ್ತದಂತೆ ಎಂದು ನಮ್ಮ ಡಾಲಸ್ ಕಡೆಯ ಪಾಟ್‌ಲಕ್ ಊಟಗಳಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅರ್ಧ ಸುಳ್ಳು. ನನ್ನಂಥ ಸಂಬಳದಾಳು ವರ್ಷವಿಡೀ ಲುಂಗಿಯಲ್ಲೇ ದುಡಿದರೂ 2018ರಿಂದ ಫೆಡರಲ್ ತೆರಿಗೆಯಲ್ಲಿ ಒಂದು ಸೆಂಟೂ ಬಿಡುವುದಿಲ್ಲ. ಆ ಭಾಗ್ಯವೇನಿದ್ದರೂ ಸ್ವಂತ ಕಸುಬಿನವರಿಗೆ. ಅಂದರೆ ವೆಬ್‌ಸೈಟ್ ಮಾಡಿಕೊಡುವ ನನ್ನ ಹೆಂಡತಿಗೆ.

ಲೆಕ್ಕ ಸಲೀಸು. ಚದರಡಿಗೆ 5 ಡಾಲರ್, ಹೆಚ್ಚೆಂದರೆ 300 ಚದರಡಿ. ಬಡ್ಡಿ, ಕರೆಂಟು ಬಿಲ್ಲುಗಳನ್ನು ಗುಡ್ಡೆ ಹಾಕಿಕೊಂಡು ಫಾರ್ಮ್ 8829 ತುಂಬುವ ಇನ್ನೊಂದು ದಾರಿಯೂ ಉಂಟು. ಅದರಲ್ಲಿ ಮನೆ ಮಾರುವ ದಿನ ಸವಕಳಿಯ ಲೆಕ್ಕ ಎದ್ದು ಬಂದು ಕೂರುತ್ತದೆ, ನಮಗೆ ಬೇಡ. ನಮ್ಮ ಕೋಣೆ 10 ಅಡಿಗೆ 12. ಆರುನೂರು ಡಾಲರ್ ವಜಾ! ಆದರೆ ಆ ಜಾಗವನ್ನು ಕಸುಬಿಗೆ ಬಿಟ್ಟು ಇನ್ಯಾವುದಕ್ಕೂ ಬಳಸುವಂತಿಲ್ಲ.

ಅಂಥ ಕೋಣೆ ನಮ್ಮವರ ಮನೆಯಲ್ಲಿ ಎಲ್ಲಿಂದ ಬರಬೇಕು? ಜನವರಿಯಲ್ಲಿ ಹೆಂಡತಿ ಟೇಪು ಹಿಡಿದು ನಿಂತಳು. ಪೂರ್ವಕ್ಕೆ ದೇವರ ಮಂಟಪ. ಈಚೆಗೆ ಸೋನಾಮಸೂರಿ ಚೀಲಗಳು, ಅವುಗಳ ಮೇಲೆ ಮಾವಿನಮಿಡಿ ಡಬ್ಬ. ಇಸ್ತ್ರಿ ಮೇಜು. ಆರು ತಿಂಗಳಿಗೆಂದು ಬಂದಿರುವ ಅಪ್ಪ ಅಮ್ಮನ ಮಂಚ. ಎಲ್ಲ ಕಳೆದ ಮೇಲೆ ಕಿಟಕಿ ಪಕ್ಕ ಅವಳ ಮೇಜು ಕುರ್ಚಿಯ 6 ಅಡಿಗೆ 5 ಉಳಿಯಿತು. ನಡುವೆ ಗೋಡೆಯೇನೂ ಬೇಕಿಲ್ಲ, ಜಾಗ ಬೇರೆಯೆಂದು ಗುರುತು ಸಿಕ್ಕರೆ ಸಾಕು.

ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಪ್ಪ, “ಸ್ಥಳ ತನಿಖೆಗೆ ಯಾರಮ್ಮ ಬರ್ತಾರೆ?” ಎಂದರು.

“ಯಾರೂ ಬರಲ್ಲ ಮಾವ. ನಾವೇ ಬರೆದು ಸಹಿ ಹಾಕೋದು. ಮುಂದೆ ಕೇಳಿದ್ರೆ ತೋರಿಸ್ಬೇಕು.”

ಅಪ್ಪನಿಗೆ ಗಾಬರಿ. “ನಮ್ಮ ಮಂಚ ಮಾತ್ರ ಸೇರಿಸಬೇಡ ತಾಯಿ!”

ಅಮ್ಮನಿಗೆ ಷರತ್ತು ಒಂದೇ ಏಟಿಗೆ ಅರ್ಥವಾಯಿತು. “ಮಡಿ ಅನ್ನು. ಬೇರೆ ಏನೂ ಸೋಕಬಾರದು, ಅಷ್ಟೇ ತಾನೆ?” ಅಂದಿನಿಂದ ಅವರದೇ ಕಾವಲು. ನಾನಿಟ್ಟ ಚಾರ್ಜರ್ ಹಾಲಿಗೆ ಬಂದು ಬಿತ್ತು. ಹೋಮ್‌ವರ್ಕ್ ಹಿಡಿದು ಬಂದ ಮಗಳು ಬಾಗಿಲಿನಿಂದಲೇ ವಾಪಸು.

ಮೂವತ್ತೈದಲೆ ನೂರೈವತ್ತು ಡಾಲರ್ ವಜಾ. ಅದರಿಂದ ತೆರಿಗೆ ಉಳಿಯುವುದು ಐವತ್ತರ ಆಸುಪಾಸು. “ಇಷ್ಟಕ್ಕೆ ಯಾಕೆ ತಲೆನೋವು? ಕ್ಲೇಮ್ ಮಾಡೋದೇ ಬೇಡ, ಬಿಡು” ಎಂದೆ.

“ಬಿಡೋಣ ರೀ,” ಎಂದಳು ದನಿ ತಗ್ಗಿಸಿ, “ಅತ್ತೆಗೆ ಮಾತ್ರ ಹೇಳ್ಬೇಡಿ. ಈ ಮನೇಲಿ ನನ್ನ ಮೇಜು ನನಗೇ ಅಂತ ಸಿಕ್ಕಿರೋದು ಇದೇ ಮೊದಲು.”